ನಾಲ್ಕು ಬಾಟಲಿ ಛತ್ರಿ

ಆ ಮನೆಯಲ್ಲಿ ವಿಸ್ಕಿ ಕುಡಿದವರು ಒಬ್ಬರೂ ಇರಲಿಲ್ಲ. ವಿಸ್ಕಿ ಇಲ್ಲದ ಮೂಲೆಯೂ ಒಂದಿರಲಿಲ್ಲ. ಅಡುಗೆಮನೆಯ ಕಪಾಟಿನಲ್ಲಿ ಬೇಳೆ ಡಬ್ಬಿಗಳ ಕೆಳಗೆ ಹಾಸಿದ್ದು ಗೂಬೆ ಮಾರ್ಕಿನ ವಿಸ್ಕಿಯ ಲೇಬಲ್ ಹಾಳೆ. ಬಟ್ಟೆ ಬೀರುವಿನೊಳಗೆ ಲಾಟೀನು ಮಾರ್ಕು. ಮಗಳು ಒಂದನೇ ತರಗತಿಯಿಂದ ಪದವಿಯ ಕೊನೆಯ ವರ್ಷದವರೆಗೆ ಓದಿದ ಪುಸ್ತಕಗಳಿಗೆಲ್ಲ ಛತ್ರಿ ಮಾರ್ಕಿನ ಹೊದಿಕೆ, ಒಂದು ಹಾಳೆಗೆ ಇಪ್ಪತ್ತನಾಲ್ಕು ಛತ್ರಿ. ಶಾಲೆಯಲ್ಲಿ ಯಾರೂ ಆಡಿಕೊಳ್ಳದಿರಲಿ ಎಂದು ತಾಯಿ ಹಾಳೆಯ ಬಿಳಿ ಮೈ ಹೊರಗೆ ಬರುವಂತೆ ತಿರುವಿ ಹಾಕಿಕೊಡುತ್ತಿದ್ದಳು. ಮಳೆಯಲ್ಲಿ ನೆನೆದ ದಿನ ಮಾತ್ರ ಛತ್ರಿಗಳು ಒಳಗಿನಿಂದ ಒಂದೊಂದಾಗಿ ಇಣುಕುತ್ತಿದ್ದವು.

ಇದಕ್ಕೆಲ್ಲ ಕಾರಣ ಮನೆಯ ಯಜಮಾನರು. ಲೇಬಲ್ ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷದಿಂದ ಅವರದು ಬಣ್ಣ ಕಲಸುವ ಕೆಲಸ. ಛತ್ರಿಯ ಹಳದಿ, ಗೂಬೆಯ ಕಣ್ಣಿನ ಕೆಂಪು, ಲಾಟೀನಿನ ಚಿನ್ನ ಎಲ್ಲವೂ ಅವರ ಕೈಯಲ್ಲೇ ಹುಟ್ಟಬೇಕು. ಅಚ್ಚು ಕೆಟ್ಟ ಹಾಳೆಗಳನ್ನು ಮನೆಗೆ ಒಯ್ಯಲು ಪ್ರೆಸ್ಸಿನಲ್ಲಿ ಯಾರ ಅಡ್ಡಿಯೂ ಇರಲಿಲ್ಲ. ಅಡ್ಡಿಯಿಲ್ಲದ್ದನ್ನು ಬಿಟ್ಟುಬರುವ ಜಾಯಮಾನ ಅವರದಲ್ಲ.

ಪ್ರೆಸ್ಸಿನಲ್ಲಿ ಅವರಿಗೆ ಅರ್ಧ ಟೀ ಎಂದು ಹೆಸರು. ಹತ್ತೂವರೆಗೆ ಕ್ಯಾಂಟೀನಿನವನು ಬಂದರೆ ಎಲ್ಲರೂ ಒಂದೊಂದು ಗ್ಲಾಸು ಎತ್ತಿಕೊಳ್ಳುವರು. ಇವರು ಮಾತ್ರ ನನಗೆ ಅರ್ಧ ಸಾಕು, ಪೂರ್ತಿ ಕುಡಿದರೆ ಎದೆಯುರಿ ಎನ್ನುವರು. ಎದೆಯುರಿ ಎಂಬುದು ಅವರ ಎದೆಯ ಹತ್ತಿರವೂ ಸುಳಿದದ್ದಿಲ್ಲ. ಮಗಳು ಶಾಲೆಗೆ ಸೇರಿದ ವರ್ಷ ಶುರುವಾದ ಉಳಿತಾಯ ಅದು. ಅವಳು ಪದವಿ ಮುಗಿಸಿ ವರ್ಷವಾಗಿತ್ತು, ಆದರೂ ನಾಲಿಗೆ ಅರ್ಧದಲ್ಲೇ ನಿಂತಿತ್ತು. ಈ ಹೆಸರು ಮನೆಯವರಿಗೆ ಗೊತ್ತಿಲ್ಲ ಎಂದು ಅರ್ಧ ಟೀಯವರು ನೆಮ್ಮದಿಯಿಂದಿದ್ದರು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರೆಸ್ಸಿನವರು ಓಡಾಡುವ ಬಸ್ಸಿಗೆ ಅವರ ಬಾಮೈದನೇ ಕಂಡಕ್ಟರು.

ಹಳೇ ಫೋರ್ಮನ್ ನಿವೃತ್ತರಾಗಿ, ಆ ಕುರ್ಚಿಗೆ ಅರ್ಧ ಟೀಯವರನ್ನು ನೇಮಿಸಿದ ಆದೇಶ ಬಂದ ದಿನ ರಾತ್ರಿ ಊಟಕ್ಕೆ ಕುಳಿತಾಗ ಅವರು ಮೊದಲು ಸಂಬಳದ ಸುದ್ದಿ ಹೇಳಿದರು. ಹೆಂಡತಿ ಎರಡನೇ ಸಲ ಅನ್ನ ಬಡಿಸಿದಳು. ಆಮೇಲೆ ತಟ್ಟೆ ನೋಡುತ್ತ, ಪ್ರೆಸ್ಸಿನಲ್ಲೊಂದು ಪದ್ಧತಿ ಇದೆ ಎಂದರು. ಹೊಸ ಫೋರ್ಮನ್ ತಿಂಗಳೊಳಗೆ ಎಲ್ಲರನ್ನೂ ಮನೆಗೆ ಕರೆದು ಪಾರ್ಟಿ ಕೊಡಬೇಕು. ಅದರಲ್ಲಿ ಕೊಡುವ ಬಾಟಲಿಯ ಮೇಲೆ ಪ್ರೆಸ್ಸಿನಲ್ಲೇ ಅಚ್ಚಾದ ಲೇಬಲ್ ಇರಬೇಕು.

"ಬಾಟಲಿ ಅಂದ್ರೆ?" ಎಂದಳು ಹೆಂಡತಿ. ಅನ್ನದ ಸೌಟು ಗಾಳಿಯಲ್ಲೇ ನಿಂತಿತು.

"ವಿಸ್ಕಿ."

ತಾಯಿಯ ಎದುರು ಆ ಮಾತು ಹೇಳಿದ್ದಕ್ಕೆ ಅವರ ಕಿವಿ ಕೆಂಪಾಯಿತು. ಎಂಬತ್ತೊಂದು ವರ್ಷದ ಅಜ್ಜಿ ಅನ್ನ ಕಲಸುವುದನ್ನು ನಿಲ್ಲಿಸದೆ, "ಯಾವುದಪ್ಪ, ಗೂಬೇದಾ, ಛತ್ರೀದಾ?" ಎಂದು ಕೇಳಿದಳು.

ಜಗಳ ಶುರುವಾದದ್ದು ತಟ್ಟೆ ತೊಳೆಯುವ ಹೊತ್ತಿಗೆ, ಮುಗಿಯಲು ನಾಲ್ಕು ದಿನ ಹಿಡಿಯಿತು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ಮಿಷನ್ನಿಗೆ ಮೋಟರು ಹಾಕಿಸುವ ಮಾತು ಮೂರು ವರ್ಷದಿಂದ ಮುಂದಿನ ತಿಂಗಳಿಗೆ ಹೋಗುತ್ತಲೇ ಇತ್ತು. ನನ್ನ ಕಾಲು ಸವೆಯಲಿ, ನಿಮ್ಮವರ ಗಂಟಲು ತಣ್ಣಗಿರಲಿ ಎಂದಳು. ಜ್ಯೂಸು ಕೊಟ್ಟರೆ ಸಾಲದೇ, ಅದರ ಲೇಬಲ್ಲೂ ನಿಮ್ಮಲ್ಲೇ ಅಚ್ಚಾಗುತ್ತದಲ್ಲ ಎಂದಳು. ಐದನೇ ದಿನ ಬೆಳಿಗ್ಗೆ ಅರ್ಧ ಟೀಯವರು ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ ಹೇಳಿದರು:

"ಅಲ್ಲಿ ನನಗೊಂದು ಹೆಸರಿದೆ ಕಣೇ. ಚೆನ್ನಾಗಿಲ್ಲ. ಕಟಿಂಗ್ ಮಿಷನ್ನಿನವನು ನಿನ್ನೆ, ಫೋರ್ಮನ್ ರೂಮಿನ ಬಾಗಿಲ ಮೇಲೆ ಅದನ್ನೇ ಬರೆಸೋಣ ಅಂದ. ಎಲ್ಲರೂ ನಕ್ರು. ನಾಳೆ ನಾನು ಒಂದು ಮಾತು ಹೇಳಿದ್ರೆ ಯಾರು ಕೇಳ್ತಾರೆ? ಈ ಪಾರ್ಟಿ ಸರಿಯಾಗಿ ಆದ್ರೆ ಹೆಸರು ಅಲ್ಲಿಗೆ ಮುಗಿಯುತ್ತೆ. ಇಲ್ಲ ಅಂದ್ರೆ ರಿಟೈರ್ ಆಗೋವರೆಗೂ ಅದೇ."

ಯಾವ ಹೆಸರು ಎಂದು ಹೆಂಡತಿ ಕೇಳಲಿಲ್ಲ. ಸೂಜಿಗೆ ದಾರ ಪೋಣಿಸಿ, ಎರಡು ಷರತ್ತು ಹಾಕಿದಳು. ಬಾಟಲಿ ಕಡಿಮೆ ಬೆಲೆಯದಿರಬೇಕು, ಮತ್ತು ಅದು ತನ್ನ ಅಡುಗೆಮನೆಯ ಹೊಸಿಲು ದಾಟಕೂಡದು.

ಕಡಿಮೆ ಬೆಲೆಯದೂ ಆಗಬೇಕು, ಜುಗ್ಗತನ ಅನ್ನಿಸಲೂ ಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅರ್ಧ ಟೀಯವರು ಬಾಮೈದನನ್ನು ಕರೆದುಕೊಂಡು ಶನಿವಾರ ಅಂಗಡಿಗೆ ಹೋದರು. ವಿಸ್ಕಿಯ ವಿಷಯದಲ್ಲಿ ತಾನು ಪಂಡಿತ ಎಂದು ಬಾಮೈದ ಹೇಳಿಕೊಳ್ಳುತ್ತಿದ್ದ. ಮೂಸಿಯೇ ವಯಸ್ಸು ಹೇಳುತ್ತಾನಂತೆ. ಅಂಗಡಿಯಲ್ಲಿ ಅವನಿಗೆ ಬಾಯಿ ಬಿಡಲು ಅವಕಾಶವೇ ಸಿಗಲಿಲ್ಲ. ಭಾವ ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು ಲೇಬಲ್ಲಿನ ಮೇಲೆ ಹೆಬ್ಬೆರಳು ಎಳೆದು ನೋಡುತ್ತಿದ್ದರು. ಲಾಟೀನಿನ ಬೆಲೆ ಕೇಳಿ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವಂತೆ ಅದನ್ನು ವಾಪಸು ಇಟ್ಟರು. ಒಂದು ಗೂಬೆಯನ್ನು ಹಿಡಿದು, ಇದರ ಕಣ್ಣು ಅರ್ಧ ಕೂದಲೆಳೆಯಷ್ಟು ಆಚೆ ಕೂತಿದೆ, ಆ ವಾರ ನಾನು ರಜೆಯಲ್ಲಿದ್ದೆ, ಬೇರೆ ಕೊಡಿ ಎಂದರು. ಮೂರನೇ ಗೂಬೆಯೂ ವಾಪಸು ಬಂದಾಗ ಅಂಗಡಿಯವನು ಕನ್ನಡಕ ತೆಗೆದ.

"ಯಜಮಾನ್ರೇ, ನೀವು ಇದನ್ನ ಕುಡಿಯೋಕೆ ತಗೊಳ್ತಿದೀರೋ, ಕಟ್ಟು ಹಾಕಿಸಿ ಗೋಡೆಗೆ ಹಾಕೋಕೋ?"

ಕೊನೆಗೆ ಪರೀಕ್ಷೆಗೆಂದು ಗೂಬೆಯದೊಂದು, ಛತ್ರಿಯದೊಂದು ಚಿಕ್ಕ ಬಾಟಲಿ ತಂದರು. ಎರಡೂ ಅಗ್ಗದವೇ. ಗೂಬೆ ಇನ್ನೂ ಅಗ್ಗ.

ಭಾನುವಾರ ಮಧ್ಯಾಹ್ನ, ಹಿಂದಿನ ಬಾಗಿಲಾಚೆ ಬಟ್ಟೆ ಒಗೆಯುವ ಜಾಗದಲ್ಲಿ ಸ್ಟೂಲು ಹಾಕಿ ಪರೀಕ್ಷೆ ನಡೆಯಿತು. ಬಾಮೈದ ಗೂಬೆಯನ್ನು ಮೂಸಿ, ಕಣ್ಣು ಮುಚ್ಚಿ, ಇದು ಕಡಿಮೆ ಅಂದರೂ ಎಂಟು ವರ್ಷ ಮರದ ಪೀಪಾಯಿಯಲ್ಲಿ ಮಲಗಿದೆ ಎಂದ. ಆ ಕಂಪನಿ ಶುರುವಾಗಿಯೇ ಎರಡು ವರ್ಷ, ಮೊದಲ ಲೇಬಲ್ಲಿಗೆ ನಾನೇ ಬಣ್ಣ ಕಲಸಿದ್ದು ಎಂದರು ಭಾವ. ಪಂಡಿತನ ಕಥೆ ಅಲ್ಲಿಗೆ ಮುಗಿಯಿತು. ಹೆಂಡತಿ ಗೂಬೆಯ ನಾಲ್ಕು ಹನಿಯನ್ನು ಚಿಂದಿಗೆ ಹಾಕಿಕೊಂಡು, ಮಿಷನ್ನಿನ ಹಲಗೆಯ ಮೇಲಿದ್ದ ಎರಡು ವರ್ಷದ ಎಣ್ಣೆ ಕಲೆಯನ್ನು ಉಜ್ಜಿದಳು. ಕಲೆ ಹೋಯಿತು. ಜೊತೆಗೆ ಹಲಗೆಯ ಪಾಲಿಶೂ ಹೋಯಿತು.

ಆಗ ಅಜ್ಜಿ ಚಮಚ ಕೇಳಿದಳು. ಹೆರಿಗೆಯಲ್ಲಿ, ಕೆಮ್ಮಿನಲ್ಲಿ ಡಾಕ್ಟರು ಚಮಚದಲ್ಲಿ ಬ್ರಾಂದಿ ಕೊಟ್ಟಿದ್ದು ಬಿಟ್ಟರೆ ಅವಳೂ ಏನೂ ಕಂಡವಳಲ್ಲ. ಆದರೆ ಯಾವ ಎಣ್ಣೆ ಹಳತು, ಯಾವ ಹಾಲಿಗೆ ನೀರು ಬಿದ್ದಿದೆ ಎಂದು ಆ ಮನೆಯಲ್ಲಿ ತೀರ್ಮಾನ ಕೊಡುತ್ತಿದ್ದುದು ಅವಳ ನಾಲಿಗೆಯೇ. ಗೂಬೆಯದೊಂದು ಚಮಚ ಕುಡಿದು ಸ್ವಲ್ಪ ಹೊತ್ತು ಗೋಡೆ ನೋಡಿದಳು. ಬಾಯಿ ತೊಳೆದು ಛತ್ರಿಯದೊಂದು ಕುಡಿದಳು.

"ಗೂಬೆ ಗಂಟಲಲ್ಲಿ ಉಗುರು ಊರ್ಕೊಂಡು ಇಳಿಯುತ್ತೆ. ಛತ್ರಿ ಮರ್ಯಾದಸ್ಥರ ಥರ ಇಳಿದು, ಒಳಗೆ ಹೋಗಿ ಬಯ್ಯುತ್ತೆ. ಬಂದ ನೆಂಟರಿಗೆ ಇದೇ ಸರಿ." ಆಮೇಲೆ, ತೀರ್ಮಾನ ಗಟ್ಟಿಯಾಗಲಿ ಎಂದು ಛತ್ರಿಯ ಇನ್ನೊಂದು ಚಮಚ ಕೇಳಿದಳು.

ಅಪ್ಪಾ ನೀವು ಎಂದು ಮಗಳು ಚಮಚ ಚಾಚಿದಳು. ಅವರು ತಲೆಯಾಡಿಸಿ, ಬಾಟಲಿಯನ್ನು ಬಿಸಿಲಿಗೆ ಹಿಡಿದು ಒಳಗಿನ ಬಣ್ಣ ನೋಡಿದರು. ಲೇಬಲ್ಲಿನ ಹಳದಿಗೂ ಒಳಗಿನ ಹಳದಿಗೂ ಹೊಂದಿಕೆ ಪರವಾಗಿಲ್ಲ ಎಂದರು. ಹೀಗೆ ಛತ್ರಿ ಆಯ್ಕೆಯಾಯಿತು.

ಮುಂದಿನ ಎರಡು ವಾರ ಮನೆ ಮನೆಯಾಗಿ ಉಳಿಯಲಿಲ್ಲ. ಹನ್ನೆರಡು ಜನಕ್ಕೆ ನಾಲ್ಕು ಬಾಟಲಿ ಎಂದು ಬಾಮೈದ ಟಿಕೆಟು ಹರಿದಷ್ಟು ಸಲೀಸಾಗಿ ಲೆಕ್ಕ ಕೊಟ್ಟ. ಮನೆಯಲ್ಲಿ ಗಾಜಿನ ಗ್ಲಾಸು ಮೂರಿದ್ದವು. ಎದುರುಮನೆಯ ನರ್ಸಮ್ಮನಿಂದ ಆರು ಬಂದವು, ಹೆಂಡತಿಯ ಬಳಿ ಅಂಗಿ ಹೊಲಿಸುವವರಿಂದ ನಾಲ್ಕು. ಒಂದರ ಮೇಲೆ ಆನೆಮರಿಯ ಚಿತ್ರವಿತ್ತು. ಅದು ಬಾಮೈದನಿಗಿರಲಿ ಎಂದಾಯಿತು. ನೆಂಚಿಕೊಳ್ಳಲು ಏನು ಎಂಬುದಕ್ಕೆ ಮತ್ತೆ ಜಗಳ. ಬೇಯಿಸಿದ ಮೊಟ್ಟೆ ಸಾಕು ಎಂದು ಗಂಡ, ಮೊಟ್ಟೆ ಒಂದನ್ನೇ ಇಟ್ಟರೆ ಆ ಹೆಸರು ಇನ್ನೂ ಗಟ್ಟಿಯಾಗುತ್ತದೆ ಎಂದು ಹೆಂಡತಿ. ಬಾಯಿ ತಪ್ಪಿ ಬಂದ ಮಾತು. ಅರ್ಧ ಟೀಯವರು ಅವಳ ಮುಖವನ್ನೇ ನೋಡಿದರು. ಅವಳು ಕಡಲೆಬೀಜ ಆರಿಸುವುದರಲ್ಲಿ ಮುಳುಗಿಹೋದಳು. ಕೊನೆಗೆ ಮೊಟ್ಟೆ, ಕಡಲೆಬೀಜ, ಹುರಿದ ಆಲೂಗಡ್ಡೆ ಮೂರೂ ಇರಲಿ ಎಂದು ಒಪ್ಪಂದವಾಯಿತು.

ಪಾರ್ಟಿಯ ಹಿಂದಿನ ದಿನ ನಾಲ್ಕು ಛತ್ರಿ ಬಾಟಲಿ ಮನೆಗೆ ಬಂದವು. ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಹಜಾರದಲ್ಲಿಟ್ಟರೆ ಬಟ್ಟೆ ಕೊಡಲು ಬರುವವರ ಕಣ್ಣಿಗೆ ಬೀಳುತ್ತವೆ. ಹೆಂಡತಿ ಅವನ್ನು ಹಿಂದಿನ ಬಾಗಿಲಾಚೆ, ನೀಲಿ ಬಕೆಟ್ಟಿನ ಪಕ್ಕ ಸಾಲಾಗಿ ಇಟ್ಟಳು.

ಆ ನೀಲಿ ಬಕೆಟ್ಟಿನ ವಿಷಯ ಅಷ್ಟು ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಇಪ್ಪತ್ತು ವರ್ಷದಿಂದ ಆ ಮನೆಗೆ ಬಂದ ಯಾವ ಬಾಟಲಿಯೂ, ಎಣ್ಣೆಯದಾಗಲಿ ಔಷಧಿಯದಾಗಲಿ, ಅದರಲ್ಲಿ ಮುಳುಗಿ ಏಳದೆ ಒಳಗೆ ಹೋದದ್ದಿಲ್ಲ. ಅಜ್ಜಿ ಬಾಟಲಿಗಳನ್ನು ನೀರಿನಲ್ಲಿ ನೆನೆಹಾಕಿ, ಲೇಬಲ್ಲನ್ನು ಹರಿಯದಂತೆ ಬಿಡಿಸಿ, ಹಿತ್ತಲ ಕಿಟಕಿಯ ಗಾಜಿಗೆ ಅಂಟಿಸಿ ಒಣಗಿಸುವಳು. ಮಗ ಅವನ್ನು ದಪ್ಪ ಪುಸ್ತಕವೊಂದರಲ್ಲಿ ಅಂಟಿಸಿ, ಪಕ್ಕದಲ್ಲಿ ಯಾವ ಬಣ್ಣ ಎಷ್ಟು ಎಂದು ಬರೆದಿಡುವರು. ನೆರೆಹೊರೆಯವರೂ ಖಾಲಿ ಬಾಟಲಿಗಳನ್ನು ತಂದುಕೊಡುತ್ತಿದ್ದರು. ಬಕೆಟ್ಟಿನ ಪಕ್ಕ ಬಾಟಲಿ ಇದೆ ಎಂದರೆ ಅಜ್ಜಿಗೆ ಕೆಲಸ ಇದೆ ಎಂದೇ ಅರ್ಥ.

ಪಾರ್ಟಿಯ ದಿನ ಸಂಜೆ ಐದು ಗಂಟೆಗೆ, ಬರುವವರಿಗೆ ಕುರ್ಚಿ ಸಾಲದೆಂದು ಎರಡು ಸ್ಟೂಲುಗಳ ಮೇಲೆ ಹಲಗೆ ಹಾಕಿ ಬೆಂಚು ಮಾಡುತ್ತಿದ್ದಾಗ, ಬಾಟಲಿ ತರಲು ಹೋದ ಮಗಳು ಹಿಂದಿನ ಬಾಗಿಲಲ್ಲೇ ನಿಂತುಬಿಟ್ಟಳು. ಅವಳು ಕೂಗಲಿಲ್ಲ, ಕೂಗುವ ಹುಡುಗಿಯಲ್ಲ. ಅಪ್ಪಾ ಒಂದು ನಿಮಿಷ ಬನ್ನಿ ಎಂದಳು.

ನಾಲ್ಕು ಬಾಟಲಿಗಳು ಆಗತಾನೇ ಸ್ನಾನ ಮಾಡಿದ ಮಕ್ಕಳಂತೆ ಬೆತ್ತಲೆಯಾಗಿ, ಫಳಫಳ ಹೊಳೆಯುತ್ತ ಸಾಲಾಗಿ ನಿಂತಿದ್ದವು. ಕಿಟಕಿಯ ಗಾಜಿನ ಮೇಲೆ ಛತ್ರಿಗಳು ಒದ್ದೆಯಾಗಿ ಮಿನುಗುತ್ತಿದ್ದವು. ಪಕ್ಕದಲ್ಲೇ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

"ನೀನು ಫೋರ್ಮನ್ ಆದ ದಿನದ ಚೀಟಿ ಪುಸ್ತಕದಲ್ಲಿ ಇರ್ಲಿ ಅಂತ ಬೇಗ ಬೇಗ ಮಾಡಿಟ್ಟೆ ಕಣೋ. ಒಂದು ಮಾತ್ರ ಹರೀತು. ಸೀನು ಬಂತು."

ಅರ್ಧ ಟೀಯವರು ಬಕೆಟ್ಟಿನ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕುಳಿತರು. "ಅಮ್ಮಾ, ಇವತ್ತಿನ ಪಾರ್ಟಿಗೆ ಬೇಕಿದ್ದಿದ್ದೇ ಆ ಚೀಟಿ."

"ಕುಡಿಯೋದು ಒಳಗಿರೋದನ್ನ ತಾನೇ? ಕಾಗದಾನ ಯಾರು ಕುಡೀತಾರೆ?"

ಲೇಬಲ್ಲಿಲ್ಲದ ಬಾಟಲಿ ಇಟ್ಟರೆ ಕಟಿಂಗ್ ಮಿಷನ್ನಿನವನು ಏನೆನ್ನುತ್ತಾನೆಂದು ಅವರಿಗೆ ಈಗಲೇ ಕೇಳಿಸುತ್ತಿತ್ತು: ಅರ್ಧ ಟೀ ಯಾವುದೋ ಕಳ್ಳಭಟ್ಟಿ ತಂದು ಕುಡಿಸಿದ. ಹೊಸ ಬಾಟಲಿ ತರೋಣವೆಂದರೆ ಅಂಗಡಿ ಇರುವುದು ಎರಡು ಬಸ್ಸಿನಾಚೆ. ಅತಿಥಿಗಳು ಬರುವುದು ಆರಕ್ಕೆ. ಬಯ್ಯಲು ಬಾಯಿ ತೆರೆದ ಹೆಂಡತಿ ಗಂಡನ ಮುಖ ನೋಡಿ, ಬಯ್ಗುಳ ನುಂಗಿ, ಅಂಟಿನ ಡಬ್ಬಿ ತಂದಳು. ಪ್ರೆಸ್ಸಿನದೇ ಅಂಟು. ಮಗಳು ಬಾಟಲಿ ಒರೆಸಿ ಅಲ್ಲಾಡದಂತೆ ಹಿಡಿದಳು, ಹೆಂಡತಿ ಅಂಟು ಸವರಿದಳು, ಅವರು ಉಸಿರು ಬಿಗಿಹಿಡಿದು ಲೇಬಲ್ ಕೂರಿಸಿದರು. ಒಂದು, ಎರಡು, ಮೂರು. ನಾಲ್ಕನೆಯದರ ಛತ್ರಿ ಅಜ್ಜಿಯ ಸೀನಿಗೆ ಎರಡು ಹೋಳಾಗಿತ್ತು. ಅದನ್ನು ಜೋಡಿಸುವ ಮೊದಲೇ ಯಾರೋ ಮುಂಬಾಗಿಲು ಬಡಿದರು. ಮೂರನ್ನು ಎತ್ತಿಕೊಂಡು ಅವರು ಹಜಾರಕ್ಕೆ ಓಡಿದರು. ನಾಲ್ಕನೆಯದು ಹೊರಗೆ ಬರುವುದು ಬೇಡ ಎಂದು ಹೇಳಿಹೋದದ್ದನ್ನು ಅಜ್ಜಿ ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಂಡಂತೆ ತೋರಿಸಲಿಲ್ಲ.

ಬಂದ ಹನ್ನೆರಡು ಮಂದಿಯೂ ಲೇಬಲ್ಲಿನ ಜನ. ಬಾಟಲಿ ಕೈಗೆ ಬಂದ ತಕ್ಷಣ ಒಬ್ಬರೂ ಮುಚ್ಚಳ ಮುಟ್ಟಲಿಲ್ಲ. ಹೆಬ್ಬೆರಳು ಎಳೆದು ಅಂಚು ನೋಡಿದರು. ಎಡಕ್ಕೆ ಒಂಚೂರು ಇಳಿದಿದೆಯಲ್ಲ, ಕಂಪನಿಯವರು ಅಂಟಿಸೋದೇ ಹೀಗೆ ಎಂದ ಕಟಿಂಗ್ ಮಿಷನ್ನಿನವನು. ಹೌದು ಹೌದು, ಈಗೆಲ್ಲ ಅವಸರದ ಕೆಲಸ ಎಂದರು ಅರ್ಧ ಟೀಯವರು, ಬೆವರು ಒರೆಸಿಕೊಳ್ಳುತ್ತ. ಹಳೇ ಫೋರ್ಮನ್ ನಡುವಿನ ಕುರ್ಚಿಯಲ್ಲಿ ಕುಳಿತಿದ್ದರು. ಮೂವತ್ತೈದು ವರ್ಷದಲ್ಲಿ ಅವರು ನಕ್ಕದ್ದನ್ನು ಕಂಡವರಿಲ್ಲ. ಮೊಟ್ಟೆ ಖಾಲಿಯಾಯಿತು, ಆಲೂಗಡ್ಡೆ ಎರಡು ಸಲ ಹುರಿದಾಯಿತು. ಮಾತು ಸಡಿಲವಾಯಿತು. ಕಟಿಂಗ್ ಮಿಷನ್ನಿನವನು ಒಮ್ಮೆ ಅರ್ಧ ಎಂದು ಶುರುಮಾಡಿ, ತನ್ನ ಎದುರಿಗಿದ್ದ ತುಂಬಿದ ಗ್ಲಾಸು ನೋಡಿ ಸಾರ್ ಎಂದು ತಿದ್ದಿಕೊಂಡ. ಅರ್ಧ ಟೀಯವರ ಬೆನ್ನು ಮೊದಲ ಬಾರಿಗೆ ಕುರ್ಚಿಗೆ ಒರಗಿತು.

ಆಗಲೇ ಅಜ್ಜಿ ನಾಲ್ಕನೇ ಬಾಟಲಿಯನ್ನು ತಂದು ಮೇಜಿನ ನಡುವೆ ಇಟ್ಟು, ಮಗನತ್ತ ನೋಡಿ, ನಾನೇ ಸರಿಮಾಡಿದೆ ಎಂಬಂತೆ ತಲೆಯಾಡಿಸಿದಳು.

ಪ್ರೆಸ್ಸಿನ ಪ್ರೂಫ್ ಓದುವವರು ಅಲ್ಲಿದ್ದರು. ಕಾಗದ ಕಂಡರೆ ಓದದೆ ಇರಲಾರದ ಮನುಷ್ಯ. ಬಾಟಲಿ ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಪ್ರೆಸ್ಸಿನಲ್ಲಿ ಓದುವ ಅದೇ ದನಿಯಲ್ಲಿ ಓದಿದರು:

"ಎಲ್ಲ ಬಗೆಯ ಕೆಮ್ಮು ಮತ್ತು ಕಫಕ್ಕೆ. ದೊಡ್ಡವರಿಗೆ ದಿನಕ್ಕೆ ಮೂರು ಚಮಚ, ಊಟದ ನಂತರ. ಉಪಯೋಗಿಸುವ ಮೊದಲು ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ."

ಕಡಲೆಬೀಜ ಅಗಿಯುವ ಸದ್ದು ನಿಂತಿತು. ಅರ್ಧ ಟೀಯವರಿಗೆ ಒಂದೇ ನೋಟಕ್ಕೆ ಎಲ್ಲ ತಿಳಿದುಹೋಯಿತು. ನರ್ಸಮ್ಮ ಆಸ್ಪತ್ರೆಯಿಂದ ತಂದುಕೊಟ್ಟ ದೊಡ್ಡ ಖಾಲಿ ಬಾಟಲಿಯ ಲೇಬಲ್ ಅದು, ವಾರದಿಂದ ಅದೇ ಕಿಟಕಿಯಲ್ಲಿ ಒಣಗುತ್ತಿತ್ತು. ಛತ್ರಿಗೆ ಕಲಸಿ ಮಿಕ್ಕ ಹಳದಿಯನ್ನು ಚೆಲ್ಲುವುದೇಕೆ ಎಂದು ಕೆಮ್ಮಿನ ಔಷಧಿಗೆ ಬಳಸುವ ಪಾಠ ಪ್ರೆಸ್ಸಿಗೆ ಕಲಿಸಿದವರು ಅವರೇ. ಕನ್ನಡಕವಿಲ್ಲದ ಅಜ್ಜಿಗೆ ಹಳದಿ ಎಂದರೆ ಛತ್ರಿ.

ಕಟಿಂಗ್ ಮಿಷನ್ನಿನವನ ತುಟಿ ಆಗಲೇ ಅಗಲವಾಗುತ್ತಿತ್ತು. ಕಂಪನಿಯವರ ತಪ್ಪು ಎಂದುಬಿಡಲೇ ಎಂದು ಅರ್ಧ ಟೀಯವರು ಒಂದು ಗಳಿಗೆ ಯೋಚಿಸಿದರು. ಆದರೆ ತಾಯಿ ಅಲ್ಲೇ ನಿಂತಿದ್ದಳು, ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿ, ಏನೆಂದು ಗೊತ್ತಾಗದೆ, ಸೆರಗಿನ ತುದಿ ತಿರುವುತ್ತ. ಅವರು ಎದ್ದು ನಿಂತರು.

"ಒಳಗಿರೋದು ಛತ್ರೀನೇ. ನಮ್ಮನೇಲಿ ಬಾಟಲಿ ಬಂದ್ರೆ ಮೊದಲು ಲೇಬಲ್ ಬಿಡಿಸಿ ಎತ್ತಿಡ್ತೀವಿ. ಇಪ್ಪತ್ತು ವರ್ಷದಿಂದ ನಮ್ಮಮ್ಮ ಮಾಡ್ತಿದಾರೆ, ನಾನು ಹೇಳಿದ್ದಕ್ಕೆ. ಇವತ್ತೂ ಮಾಡಿದ್ರು. ಉಳಿದ ಮೂರನ್ನ ನಾನೇ ವಾಪಸ್ ಅಂಟಿಸಿದ್ದು. ಅದಕ್ಕೇ ಎಡಕ್ಕೆ ಇಳಿದಿದೆ."

ಮಗಳು, ಅತಿಥಿಗಳ ಮುಂದೆ ನೀರಿನ ಲೋಟ ಇಡಲೂ ನಾಚುವ ಹುಡುಗಿ, ಒಳಗಿನಿಂದ ಆ ದಪ್ಪ ಪುಸ್ತಕ ತಂದು ಹಳೇ ಫೋರ್ಮನ್ನರ ತೊಡೆಯ ಮೇಲಿಟ್ಟು ಒಳಗೆ ಹೋದಳು.

ಹಳೇ ಫೋರ್ಮನ್ ಹಾಳೆ ತಿರುವಿದರು. ಅವರ ಕಾಲದ ಲೇಬಲ್ಲುಗಳೆಲ್ಲ ಅಲ್ಲಿದ್ದವು, ಸೋಪಿನದು, ಎಣ್ಣೆಯದು, ಮುಚ್ಚಿಹೋದ ಕಂಪನಿಗಳದು. ಬಹಳ ಹೊತ್ತು ನೋಡಿ ಪುಸ್ತಕ ಮುಚ್ಚಿದರು. ಆಮೇಲೆ ಕೆಮ್ಮಿನ ಬಾಟಲಿ ಎತ್ತಿ ಲೇಬಲ್ಲಿನ ಅಂಚಿಗೆ ಹೆಬ್ಬೆರಳು ಎಳೆದರು.

"ನಾಲ್ಕರಲ್ಲಿ ನೆಟ್ಟಗೆ ಕೂತಿರೋದು ಇದೊಂದೇ," ಎಂದರು. "ಅಚ್ಚಾಗಿದ್ದೂ ನಮ್ಮ ಪ್ರೆಸ್ಸಲ್ಲೇ. ಯಾವ ಲೇಬಲ್ ಅಂತ ಪದ್ಧತೀಲಿ ಎಲ್ಲೂ ಹೇಳಿಲ್ಲ. ತಾಯೀ, ಚಮಚ ತಗೊಂಬನ್ನಿ."

ಅವರು ನಕ್ಕರು. ಹಲ್ಲು ಇದ್ದವು ಎಂದು ಪ್ರೆಸ್ಸಿಗೆ ಅಂದು ತಿಳಿಯಿತು. ಅಜ್ಜಿ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ, ಸಾಲಾಗಿ ಒಬ್ಬೊಬ್ಬರ ಬಾಯಿಗೂ ಮೂರು ಮೂರು ಚಮಚ ಹಾಕಿದಳು. ಕಟಿಂಗ್ ಮಿಷನ್ನಿನವನು ನಾಲ್ಕನೆಯದಕ್ಕೆ ಬಾಯಿ ತೆರೆದಾಗ, ದೊಡ್ಡವರಿಗೆ ಮೂರೇ ಅಂತ ಬರೆದಿದೆ ಎಂದು ಪ್ರೂಫಿನವರು ತಡೆದರು. ಕೊನೆಗೆ ಮಗನ ಸರದಿ. ಇಪ್ಪತ್ತಾರು ವರ್ಷ ಹೊರಗಿನಿಂದಲೇ ನೋಡಿದ್ದ ಹಳದಿ ಒಳಗೆ ಇಳಿದು, ಅಜ್ಜಿ ಹೇಳಿದಂತೆಯೇ, ಅಲ್ಲಿ ಹೋಗಿ ಬಯ್ಯಿತು. ಅವರಿಗೆ ಕೆಮ್ಮು ಬಂತು. ಔಷಧಿ ಕುಡಿದು ಕೆಮ್ಮು ಬಂದ ಮೊದಲ ಮನುಷ್ಯ ಎಂದು ಯಾರೋ ಅಂದರು, ಇಡೀ ಹಜಾರ ಹೊಟ್ಟೆ ಹಿಡಿದುಕೊಂಡಿತು.

ಸೋಮವಾರ ಹತ್ತೂವರೆಗೆ ಕ್ಯಾಂಟೀನಿನವನು ಫೋರ್ಮನ್ ರೂಮಿಗೆ ಬಂದು, "ಮೂರು ಚಮಚದವರಿಗೆ ಎಷ್ಟು?" ಎಂದ. ಕಟಿಂಗ್ ಮಿಷನ್ನಿನ ಕಡೆಯಿಂದ ನಗು ಕೇಳಿತು. ಹಳೆಯದು ಹೋಗಿ ಹೊಸದು ಬಂದಿತ್ತು. ಅವರು ಹೊಸ ಹೆಸರನ್ನು ಒಳಗೊಳಗೇ ಒಮ್ಮೆ ಹೇಳಿಕೊಂಡು ನೋಡಿದರು. ಅದರಲ್ಲಿ ಜುಗ್ಗತನ ಇರಲಿಲ್ಲ.

"ಪೂರ್ತಿ ಕೊಡಪ್ಪ," ಎಂದರು.

ಸಂಜೆ ಮನೆಗೆ ಬಂದಾಗ ಎದೆ ಉರಿಯುತ್ತಿತ್ತು, ಸುಳ್ಳಲ್ಲ, ನಿಜವಾಗಿ. ಎದೆ ಸವರಿಕೊಳ್ಳುತ್ತ ಅಡುಗೆಮನೆಗೆ ಹೋದರೆ ಕಪಾಟಿನಲ್ಲಿ, ಬೇಳೆ ಡಬ್ಬಿಯ ಪಕ್ಕ, ಪಾರ್ಟಿಯಲ್ಲಿ ಮಿಕ್ಕ ಕೆಮ್ಮಿನ ಬಾಟಲಿ ನಿಂತಿತ್ತು. ಹೊಸಿಲು ದಾಟಕೂಡದು ಅಂದಿದ್ದೆಯಲ್ಲ ಎಂದು ಹೆಂಡತಿಯನ್ನು ಕೇಳಿದರು. ಔಷಧಿ ಅಂತ ಬರೆದಿದೆಯಲ್ಲ, ಓದಲು ಬರುವುದಿಲ್ಲವೇ ಎಂದಳು ಅವಳು. ಮೋಟರು ಯಾವಾಗ ಎಂದೂ ಕೇಳಿದಳು. ಈ ತಿಂಗಳೇ ಎಂದರು ಮೂರು ಚಮಚದವರು.

ಮೂಲೆಯಲ್ಲಿದ್ದ ಅಜ್ಜಿ ಮಗ ಎದೆ ಸವರಿಕೊಳ್ಳುವುದನ್ನು ನೋಡಿ ಚಮಚ ಹುಡುಕಿದಳು.

"ಬಾ ಇಲ್ಲಿ, ಮೂರು ಹಾಕ್ತೀನಿ."

"ಬೇಡಮ್ಮ."

"ಬೇಡ ಅಂದ್ರೆ ಬಿಡು. ನಂದು ಇವತ್ತಿಂದು ಇನ್ನೂ ಆಗಿಲ್ಲ," ಎಂದು ಅಜ್ಜಿ ಬಾಟಲಿಯನ್ನು ಕೆಳಗಿಳಿಸಿ, ಬರೆದಿದ್ದಂತೆಯೇ ಚೆನ್ನಾಗಿ ಅಲುಗಾಡಿಸಿದಳು.